ಬ್ರಿಸ್ಟಲ್‌ನ ಮೇರಿ ಕಾರ್ಪೆಂಟರ್ ಮತ್ತು ನಮ್ಮ ಹುಬ್ಬಳ್ಳಿಯ ಹುಡುಗರು

ಕಳೆದ ಗಣೇಶ ಹಬ್ಬದ ಹೊತ್ತು. ರಾತ್ರಿ ಹನ್ನೊಂದು ದಾಟಿದ ಮೇಲೆ ನನ್ನ ಬಾಲ್ಯದ ಗೆಳೆಯನ ಫೋನ್ ಬಂತು. ಅವನ ಮಗನಿಗೆ ಹದಿನಾರು ತುಂಬಿ ಮೂರು ತಿಂಗಳಾಗಿತ್ತು. ಮೆರವಣಿಗೆಯಲ್ಲಿ ಎರಡು ಓಣಿಯ ಹುಡುಗರಿಗೆ ಜಗಳ ಹತ್ತಿ, ಒಬ್ಬನ ತಲೆಗೆ ಪೆಟ್ಟಾಗಿತ್ತು. ಪೊಲೀಸರು ಕೈಗೆ ಸಿಕ್ಕ ಐದಾರು ಹುಡುಗರನ್ನು ಜೀಪಿಗೆ ಹಾಕಿಕೊಂಡು ಹೋಗಿದ್ದರು. ಅವರು ಠಾಣೆ ಮುಟ್ಟುವ ಮೊದಲೇ ಮುಖ ಕಾಣುವ ವಿಡಿಯೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತ್ತು.

ನಾನು ಧಾರವಾಡದಲ್ಲಿ ವಕೀಲಿ ಮಾಡ್ತೇನೆ. ಗೆಳೆಯ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಮಗನನ್ನು ಇವತ್ತು ರಾತ್ರಿ ಬಿಡ್ತಾರಾ ಅನ್ನೋದು ಮೊದಲನೇದು. ತಾನು ಠಾಣೆ ಬಾಗಿಲಿಗೆ ಹೋಗಿ ನಿಂತರೆ ತನ್ನ ಹಳೇ ಕೇಸನ್ನು ಯಾರಾದರೂ ತೆಗೀತಾರಾ ಅನ್ನೋದು ಎರಡನೇದು.

ಆ ಎರಡನೇ ಪ್ರಶ್ನೆ ನಿಮಗೆ ಅರ್ಥ ಆಗಬೇಕಾದರೆ 1998ಕ್ಕೆ ಹೋಗಬೇಕು. ಆಗ ನಮಗಿಬ್ಬರಿಗೂ ಹದಿನೈದು. ಉಣಕಲ್ ಕೆರೆಗೆ ಹೋಗೋಣ ಅಂತ, ಟಾಕೀಸಿನ ಹೊರಗೆ ಬೀಗ ಹಾಕದೆ ನಿಲ್ಲಿಸಿದ್ದ ಒಂದು ಸೈಕಲ್ಲನ್ನು ಎತ್ತಿಕೊಂಡು ಹೋದೆವು. ನಮ್ಮ ಕಡೆ ಮಾತಲ್ಲಿ ಹೇಳೋದಾದರೆ, ತುಡುಗು ಮಾಡಿದೆವು. ನಾನು ಪೆಡಲ್ ತುಳೀತಿದ್ದೆ, ಅವನು ಹಿಂದೆ ಕೂತಿದ್ದ. ಸಂಜೆ ಸಿಕ್ಕಿಬಿದ್ದೆವು. ಸೈಕಲ್ಲಿನ ಯಜಮಾನರಿಗೆ ನಮ್ಮ ಅಪ್ಪನ ಪರಿಚಯ ಇತ್ತು. ನನಗೆ ಎರಡು ಏಟು ಬಿತ್ತು, ಮನೆಗೆ ಕಳಿಸಿದರು. ಅವನ ಮನೆ ಎಲ್ಲಿ ಅಂತ ಕೇಳಿದರು. ಸೆಟ್ಲಮೆಂಟ್ ಅಂದ. ಅವನನ್ನು ಪೊಲೀಸರಿಗೆ ಕೊಟ್ಟರು. ಅಲ್ಲಿಂದ ರಿಮ್ಯಾಂಡ್ ಹೋಮ್. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಾನು ಕೂತೆ, ಅವನು ಕೂರಲಿಲ್ಲ. ಆಮೇಲೆಯೂ ಕೂರಲಿಲ್ಲ.

ಒಂದೇ ಸೈಕಲ್ಲು, ಒಂದೇ ವಯಸ್ಸು. ಆದರೂ ಎರಡು ಬದುಕು.

ಮುಂದೆ ಕಾನೂನು ಓದುವಾಗ, ಭಾರತದಲ್ಲಿ ಬಾಲಾಪರಾಧಿಗಳ ಕಾನೂನಿನ ಚರಿತ್ರೆ ಅನ್ನೋ ಪಾಠದಲ್ಲಿ 1876ರ ಸುಧಾರಣಾ ಶಾಲೆಗಳ ಕಾಯ್ದೆ ಎದುರಾಯ್ತು. ಅದರ ಬೆನ್ನು ಹತ್ತಿ ಹೋದಾಗ ಒಬ್ಬ ಹೆಣ್ಣುಮಗಳು ಸಿಕ್ಕಳು. ಅವರೇ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಮೇರಿ ಕಾರ್ಪೆಂಟರ್. ಹುಬ್ಬಳ್ಳಿ ಹುಡುಗನ ಕಥೆಗೂ ಆಕೆಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ತಪ್ಪು ಮಾಡಿದ ಮಗುವಿನ ಜಾಗ ಜೈಲಲ್ಲ, ಅದಕ್ಕೆ ಬೇರೆ ಕಾನೂನು, ಬೇರೆ ಮನೆ, ಬೇರೆ ಥರದ ಮನುಷ್ಯರು ಬೇಕು ಎಂಬ ವಿಚಾರವನ್ನು ಹಟ ಹಿಡಿದು ಕಾನೂನಿನ ಪುಸ್ತಕದೊಳಗೆ ತುರುಕಿದವರಲ್ಲಿ ಆಕೆ ಮೊದಲ ಸಾಲಿನವರು. ಆ ವಿಚಾರದ ಒಳಗೇ ಇದ್ದ ಒಂದು ಬಿರುಕು ನನ್ನ ಗೆಳೆಯನ ತನಕ ಬಂದು ಮುಟ್ಟಿದೆ. ಅದಕ್ಕೇ ಆಕೆಯ ಕಥೆ ಹೇಳ್ತಿದೇನೆ.

ಮೇರಿ ಹುಟ್ಟಿದ್ದು 1807ರ ಏಪ್ರಿಲ್ 3ರಂದು, ಎಕ್ಸಿಟರ್‌ನಲ್ಲಿ. ತಂದೆ ಲ್ಯಾಂಟ್ ಕಾರ್ಪೆಂಟರ್ ಯೂನಿಟೇರಿಯನ್ ಪಂಥದ ಪಾದ್ರಿ, ಜೊತೆಗೆ ಮೇಷ್ಟ್ರು. ಮೇರಿ ಮನೆಗೆ ಹಿರಿಮಗಳು. 1817ರಲ್ಲಿ ಕುಟುಂಬ ಬ್ರಿಸ್ಟಲ್‌ಗೆ ಬಂತು. ತಂದೆ ಗಂಡುಹುಡುಗರಿಗೆ ನಡೆಸುತ್ತಿದ್ದ ಶಾಲೆಯಲ್ಲೇ ಮೇರಿಯೂ ಕೂತು ಲ್ಯಾಟಿನ್, ಗ್ರೀಕ್, ಗಣಿತ, ವಿಜ್ಞಾನ ಕಲಿತರು. ಆ ಕಾಲಕ್ಕೆ ಹೆಣ್ಣುಮಕ್ಕಳಿಗೆ ಇದು ಸಿಗುವ ಮಾತೇ ಅಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಸ್ವಲ್ಪ ಕಾಲ ಶ್ರೀಮಂತರ ಮನೆ ಮಕ್ಕಳಿಗೆ ಪಾಠ ಹೇಳಿದರು. 1829ರಲ್ಲಿ ವಾಪಸ್ ಬಂದು ತಾಯಿ, ತಂಗಿಯರ ಜೊತೆ ಹೆಣ್ಣುಮಕ್ಕಳ ಶಾಲೆ ತೆರೆದರು. ಅಲ್ಲಿಗೇ ನಿಂತಿದ್ದರೆ ಇವತ್ತು ನಾವು ಅವರ ಹೆಸರು ಹೇಳ್ತಿರಲಿಲ್ಲ.

1833ರಲ್ಲಿ ಇಬ್ಬರು ಅತಿಥಿಗಳು ಬ್ರಿಸ್ಟಲ್‌ಗೆ ಬಂದರು. ಒಬ್ಬರು ರಾಜಾ ರಾಮಮೋಹನ ರಾಯರು. ಸತಿ ಪದ್ಧತಿಯ ವಿರುದ್ಧ ಹೋರಾಡಿದ ಆ ಬಂಗಾಳಿ ಮನುಷ್ಯ ಕಾರ್ಪೆಂಟರ್ ಕುಟುಂಬದ ಬಳಗಕ್ಕೆ ಬಂದು, ಕೆಲವೇ ವಾರಗಳಲ್ಲಿ ಜ್ವರ ಬಂದು, ಸೆಪ್ಟೆಂಬರ್ 27ರಂದು ಅಲ್ಲೇ ತೀರಿಕೊಂಡರು. ಅವರ ಸಮಾಧಿ ಇವತ್ತಿಗೂ ಬ್ರಿಸ್ಟಲ್‌ನಲ್ಲಿದೆ. ಇಪ್ಪತ್ತಾರರ ಮೇರಿಯ ಮನಸ್ಸಿನಲ್ಲಿ ಭಾರತ ಅನ್ನೋ ದೇಶ ಕೂತಿದ್ದು ಹೀಗೆ.

ಇನ್ನೊಬ್ಬರು ಅಮೆರಿಕದ ಬಾಸ್ಟನ್ನಿನಿಂದ ಬಂದ ಜೋಸೆಫ್ ಟಕರ್ಮನ್. ಕೊಳೆಗೇರಿಗಳಲ್ಲಿ ಕೆಲಸ ಮಾಡುತ್ತಿದ್ದ ಪಾದ್ರಿ. ಒಂದು ದಿನ ಇಬ್ಬರೂ ಬ್ರಿಸ್ಟಲ್‌ನ ಬಡ ಕೇರಿಯಲ್ಲಿ ನಡೆದು ಹೋಗುತ್ತಿದ್ದಾಗ ಹರಕು ಬಟ್ಟೆಯ ಒಬ್ಬ ಹುಡುಗ ಸಂದಿಯಿಂದ ಓಡಿ ಬಂದು ಅವರ ಮುಂದೆಯೇ ಮಾಯವಾದ. ಆ ಮಗುವಿನ ಹಿಂದೆ ಅದರ ಮನೆ ತನಕ ಹೋಗಿ ನೋಡಬೇಕು ಅಂತ ಟಕರ್ಮನ್ ಹೇಳಿದರಂತೆ. ಮೇರಿ ಆ ಮಾತನ್ನು ಸಾಯುವ ತನಕ ಮರೆಯಲಿಲ್ಲ. ಅವರ ಇಡೀ ಬದುಕನ್ನು ಇದೊಂದು ಸಾಲಿನಲ್ಲಿ ಹೇಳಿಬಿಡಬಹುದು. ಓಡಿಹೋದ ಹುಡುಗನನ್ನು ಹಿಡಿಯೋಕೆ ಎಲ್ಲರೂ ಹಿಂದೆ ಹೋಗ್ತಾರೆ. ಈಕೆ ಅವನ ಮನೆ ನೋಡೋಕೆ ಹೋದರು.

ಆ ಕಾಲದ ಇಂಗ್ಲೆಂಡಿನಲ್ಲಿ ಏಳು ವರ್ಷ ತುಂಬಿದ ಮಗುವನ್ನು ಅಪರಾಧಿ ಅಂತ ಕಟಕಟೆಯಲ್ಲಿ ನಿಲ್ಲಿಸಬಹುದಿತ್ತು. ಏಳರಿಂದ ಹದಿನಾಲ್ಕರ ಮಕ್ಕಳಿಗೆ ತಿಳಿವಳಿಕೆ ಇರಲಿಲ್ಲ ಅಂತಲೇ ಕಾನೂನು ಮೊದಲು ಊಹಿಸಬೇಕು ಅನ್ನೋ ನಿಯಮ ಇತ್ತಾದರೂ ಸಣ್ಣ ಕಳ್ಳತನಕ್ಕೂ ಮಕ್ಕಳು ಜೈಲಿಗೆ ಹೋಗುತ್ತಿದ್ದರು. ಹುಡುಗರಿಗೆಂದೇ 1838ರಲ್ಲಿ ಪಾರ್ಕ್‌ಹರ್ಸ್ಟ್ ಅನ್ನೋ ಜೈಲು ಶುರುವಾಯ್ತು. ಮೊದಮೊದಲು ಅಲ್ಲಿ ಹುಡುಗರ ಕಾಲಿಗೆ ಕಬ್ಬಿಣದ ಬೇಡಿ. ಅಲ್ಲಿಂದ ನೂರಾರು ಹುಡುಗರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಸಾಗಹಾಕಿದರು. ಮಕ್ಕಳಿಗೆ ಬೇರೆ ಜೈಲು ಕಟ್ಟಿದ್ದನ್ನೇ ದೊಡ್ಡ ಸುಧಾರಣೆ ಅಂತ ಸರ್ಕಾರ ಹೇಳಿಕೊಳ್ಳುತ್ತಿತ್ತು.

1846ರಲ್ಲಿ ಮೇರಿ ಬ್ರಿಸ್ಟಲ್‌ನ ಲೂಯಿನ್ಸ್ ಮೀಡ್ ಎಂಬ ಕೇರಿಯಲ್ಲಿ ಒಂದು ಶಾಲೆ ತೆರೆದರು. ಇಂಥವುಗಳಿಗೆ ಆಗ ಹರಕುಬಟ್ಟೆಯವರ ಶಾಲೆ ಅಂತಲೇ ಹೆಸರು. ಬೇರೆ ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳದ ಮಕ್ಕಳು ಇಲ್ಲಿಗೆ ಬಂದರು. ಫೀಸಿಲ್ಲ, ಹೊಡೆಯೋ ಹಾಗಿಲ್ಲ. ಭೂಗರ್ಭಶಾಸ್ತ್ರ ಮೇರಿಯ ಪ್ರೀತಿಯ ವಿಷಯ. ಮೈತೊಳೆಯೋದೇ ಗೊತ್ತಿಲ್ಲದ ಆ ಮಕ್ಕಳ ಕೈಗೆ ಪಳೆಯುಳಿಕೆಗಳನ್ನು ಕೊಟ್ಟು ಪಾಠ ಹೇಳುತ್ತಿದ್ದರು. ಬಡವರ ಮಕ್ಕಳಿಗೆ ಅಕ್ಷರ, ದೇವರ ಭಯ ಇಷ್ಟು ಸಾಕು ಅನ್ನೋ ಕಾಲ ಅದು.

ಇಲ್ಲಿ ಐದು ವರ್ಷ ಕಣ್ಣಾರೆ ಕಂಡದ್ದನ್ನು ಹಿಡಿದು 1851ರಲ್ಲಿ ಒಂದು ಪುಸ್ತಕ ಬರೆದರು. ಮಕ್ಕಳಿಗೆ ಮೂರು ಥರದ ಶಾಲೆ ಬೇಕು ಅಂತ ಅದರಲ್ಲಿ ವಾದಿಸಿದರು. ಬಡ ಮಕ್ಕಳಿಗೆ ಉಚಿತ ಶಾಲೆ. ಬೀದಿಯಲ್ಲಿ ತಿರುಗುವವರಿಗೆ ಊಟ ಕೊಟ್ಟು ಕಸುಬು ಕಲಿಸುವ ಶಾಲೆ. ಈಗಾಗಲೇ ಅಪರಾಧ ಮಾಡಿದವರಿಗೆ ಜೈಲಿನ ಬದಲು ಸುಧಾರಣಾ ಶಾಲೆ. ಅದೇ ವರ್ಷ ಡಿಸೆಂಬರಿನಲ್ಲಿ ನ್ಯಾಯವಾದಿ ಮ್ಯಾಥ್ಯೂ ಡೇವನ್‌ಪೋರ್ಟ್ ಹಿಲ್ ಮುಂತಾದವರ ಜೊತೆ ಸೇರಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಮ್ಮೇಳನ ಮಾಡಿಸಿದರು. ಆ ಸಮ್ಮೇಳನ ನಡೆಯಲು ಮುಖ್ಯ ಕಾರಣ ಮೇರಿ. ಆದರೆ ಅಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಗಂಡಸರ ಸಭೆಯಲ್ಲಿ ಹೆಂಗಸು ಎದ್ದು ಮಾತಾಡೋದು ಮರ್ಯಾದೆಯಲ್ಲ ಅಂತ ಆಗ ಅವರೂ ನಂಬಿದ್ದರು. ಮರುವರ್ಷ ಪಾರ್ಲಿಮೆಂಟಿನ ಸಮಿತಿ ಮುಂದೆ ಕೂತು ಸಾಕ್ಷಿ ಹೇಳಿದರು. ಮುಂದೆ ದೊಡ್ಡ ದೊಡ್ಡ ಸಭೆಗಳಲ್ಲಿ ಪ್ರಬಂಧ ಓದಿದರು. ಮಕ್ಕಳ ಕೆಲಸವೇ ಅವರ ಬಾಯಿ ಬಿಡಿಸಿತು.

ಬರೀ ಬರೆದರೆ ಆಗಲ್ಲ ಅಂತ 1852ರಲ್ಲಿ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಸುಧಾರಣಾ ಶಾಲೆಯನ್ನೇ ತೆರೆದರು. ಹುಡುಗರು ಓಡಿಹೋದರು, ಗಲಾಟೆ ಮಾಡಿದರು, ಮೊದಲ ದಿನಗಳು ಪೂರ್ತಿ ಗೊಂದಲ. 1854ರಲ್ಲಿ ಹೆಣ್ಣುಮಕ್ಕಳನ್ನು ಬೇರೆ ಮಾಡಿ ರೆಡ್ ಲಾಡ್ಜ್ ಅನ್ನೋ ಹಳೇ ಮನೆಗೆ ತಂದರು. ಕವಿ ಬೈರನ್‌ನ ಪತ್ನಿ, ಆಗ ವಿಧವೆ, ಆ ಮನೆ ಕೊಂಡುಕೊಟ್ಟಿದ್ದರು. ಬ್ರಿಟನ್ನಿನಲ್ಲಿ ಹುಡುಗಿಯರಿಗಾಗಿಯೇ ತೆರೆದ ಮೊದಲ ಸುಧಾರಣಾ ಶಾಲೆ ಅದು. ಮೇರಿ ಮದುವೆ ಆಗಲಿಲ್ಲ. 1858ರಲ್ಲಿ ಐದು ವರ್ಷದ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು.

1854ರಲ್ಲೇ ಬ್ರಿಟಿಷ್ ಪಾರ್ಲಿಮೆಂಟು ಎಳೆಯ ಅಪರಾಧಿಗಳ ಕಾಯ್ದೆ ಪಾಸು ಮಾಡಿತು. ಹದಿನಾರರ ಒಳಗಿನವರನ್ನು ಎರಡರಿಂದ ಐದು ವರ್ಷ ಸುಧಾರಣಾ ಶಾಲೆಗೆ ಕಳಿಸಬಹುದು ಅಂತಾಯ್ತು. ಮೇರಿ ಗೆದ್ದರು ಅಂತ ಎಲ್ಲರೂ ಬರೀತಾರೆ. ಆದರೆ ಆ ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಶಾಲೆಗೆ ಹೋಗೋ ಮೊದಲು ಮಗು ಕನಿಷ್ಠ ಹದಿನಾಲ್ಕು ದಿನ ಜೈಲಿನಲ್ಲಿ ಇರಲೇಬೇಕು. ಮಾಡಿದ ತಪ್ಪಿಗೆ ಮೊದಲು ಒಂಚೂರು ಅನುಭವಿಸಲಿ, ಆಮೇಲೆ ಸುಧಾರಿಸೋಣ ಅನ್ನೋ ಲೆಕ್ಕ. ಮೇರಿ ಇದನ್ನು ಕಡೇತನಕ ವಿರೋಧಿಸಿದರು. ಜೈಲಿನ ಗುರುತು ಒಮ್ಮೆ ಮೈಗೆ ಹತ್ತಿದರೆ ಮುಂದೆ ಎಷ್ಟು ಪಾಠ ಹೇಳಿದರೂ ಅದು ತೊಳೆದು ಹೋಗಲ್ಲ ಅನ್ನೋದು ಅವರ ವಾದ. ಆ ಷರತ್ತು ಬಿದ್ದುಹೋಗಿದ್ದು 1899ರಲ್ಲಿ. ಅಷ್ಟೊತ್ತಿಗೆ ಮೇರಿ ಸತ್ತು ಇಪ್ಪತ್ತೆರಡು ವರ್ಷ.

ಈ ಹದಿನಾಲ್ಕು ದಿನದ ಷರತ್ತನ್ನು ನೆನಪಲ್ಲಿಡಿ. ಅದು ಪುಸ್ತಕದಿಂದ ಹೋಯ್ತೇ ಹೊರತು ನಮ್ಮ ತಲೆಯಿಂದ ಹೋಗಿಲ್ಲ.

ಇನ್ನೊಂದು ವಿಷಯ. ಮೇರಿ ಮೆತ್ತಗಿನ ಮನುಷ್ಯಳು, ಕಳ್ಳರಿಗೆ ಮುದ್ದು ಮಾಡಿದವಳು ಅಂತ ಅಂದುಕೊಳ್ಳಬೇಡಿ. ಕೆಲವು ವಾರದ ಜೈಲಿನ ಬದಲು ಆಕೆ ಕೇಳಿದ್ದು ವರ್ಷಗಟ್ಟಲೆಯ ಶಾಲೆ, ದುಡಿಮೆ, ಶಿಸ್ತು. ತಾನು ಮಾಡಿದ್ದು ಏನು ಅಂತ ಮಗುವಿಗೆ ಗೊತ್ತಾಗಬೇಕು. ಅದಕ್ಕೆ ಮಗುವನ್ನು ನಂಬುವ ಒಬ್ಬ ದೊಡ್ಡವರು ಪಕ್ಕದಲ್ಲಿ ಬೇಕು. ಭಯದಿಂದ ಅದು ಆಗಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆಯನ್ನು ನಾವು ಬಡಿಗೆ ಎತ್ತೋಕೆ ಬಳಸ್ತೇವೆ. ಆಕೆ ಅದೇ ಅರ್ಥದ ಮಾತನ್ನು ಬಡಿಗೆ ಕೆಳಗಿಡೋಕೆ ಬಳಸಿದರು.

1866ರಲ್ಲಿ, ಐವತ್ತೊಂಬತ್ತರ ವಯಸ್ಸಿನಲ್ಲಿ, ಮೇರಿ ಭಾರತಕ್ಕೆ ಹೊರಟರು. ಇಂಗ್ಲೆಂಡಿನಲ್ಲಿ ಕಾನೂನು ಓದಿ ವಾಪಸಾಗುತ್ತಿದ್ದ ಮನೋಮೋಹನ ಘೋಷ್ ಜೊತೆಗಿದ್ದರು. ಅಹಮದಾಬಾದ್‌ನಲ್ಲಿ, ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್ ಆಗ ಅಧಿಕಾರಿಯಾಗಿದ್ದರು. ಅಲ್ಲಿಂದ ಶುರುವಾಗಿ ಬಾಂಬೆ, ಮದ್ರಾಸು, ಕಲ್ಕತ್ತ. ಹೋದಲ್ಲೆಲ್ಲ ಹೆಣ್ಣುಮಕ್ಕಳ ಶಾಲೆ ನೋಡಿದರು, ಜೈಲು ನೋಡಿದರು. ಕಲ್ಕತ್ತದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಇವರ ಜೊತೆ ಉತ್ತರಪಾಡಾದ ಶಾಲೆಗೆ ಹೋಗಿದ್ದರು. ಆ ದಿನ ಗಾಡಿ ಮಗುಚಿ ವಿದ್ಯಾಸಾಗರರಿಗೆ ಬಿದ್ದ ಪೆಟ್ಟು ಅವರ ಆರೋಗ್ಯವನ್ನು ಜೀವನವಿಡೀ ಕಾಡಿತು.

ಭಾರತದಲ್ಲಿ ಆಗ ಮಕ್ಕಳಿಗೆ ಅಂತ ಇದ್ದ ಕಾನೂನು ಅತ್ಯಲ್ಪ. ಸಣ್ಣ ತಪ್ಪು ಮಾಡಿದ ಅಥವಾ ದಿಕ್ಕಿಲ್ಲದ ಮಕ್ಕಳನ್ನು ಕಸುಬಿಗೆ ಹಚ್ಚುವ 1850ರ ಅಪ್ರೆಂಟಿಸ್ ಕಾಯ್ದೆ ಇತ್ತು. 1860ರ ದಂಡಸಂಹಿತೆ ಏಳು ವರ್ಷದೊಳಗಿನ ಮಗುವನ್ನು ಅಪರಾಧಿ ಅನ್ನಬಾರದು ಅಂದಿತ್ತು. ಏಳರಿಂದ ಹನ್ನೆರಡರ ಮಗುವಿಗೆ ತಿಳಿವಳಿಕೆ ಎಷ್ಟಿತ್ತು ಅಂತ ನೋಡಬೇಕು ಅಂದಿತ್ತು. ಬಾಂಬೆಯಲ್ಲಿ ಡೇವಿಡ್ ಸಾಸೂನ್ ಹೆಸರಿನ ಸುಧಾರಣಾ ಸಂಸ್ಥೆ 1857ರಿಂದ ನಡೀತಿತ್ತು. ಉಳಿದ ಕಡೆ ತಪ್ಪು ಮಾಡಿದ ಮಕ್ಕಳಿಗೆ ದೊಡ್ಡವರ ಜೈಲೇ ಗತಿ. ಮೇರಿ ಇದನ್ನು ನೋಡಿ ಸುಮ್ಮನಿರಲಿಲ್ಲ. ಹೆಣ್ಣುಮಕ್ಕಳ ಶಿಕ್ಷಣ, ಜೈಲು ಸುಧಾರಣೆ, ಸುಧಾರಣಾ ಶಾಲೆ, ಈ ಮೂರರ ಬಗ್ಗೆ ಸರ್ಕಾರಕ್ಕೆ ಬರೆದರು. ವಾಪಸ್ ಹೋಗಿ ಭಾರತ ಪ್ರವಾಸದ ಪುಸ್ತಕ ಪ್ರಕಟಿಸಿದರು. 1868, 1869ರಲ್ಲಿ ಮತ್ತೆ ಬಂದರು. 1870ರಲ್ಲಿ ಬ್ರಿಸ್ಟಲ್‌ನಲ್ಲಿ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಕಟ್ಟಿದರು. 1875ರಲ್ಲಿ, ಅರವತ್ತೆಂಟರಲ್ಲಿ, ನಾಲ್ಕನೇ ಸಲ ಹಡಗು ಹತ್ತಿದರು. ಮರುವರ್ಷ ಭಾರತ ಸರ್ಕಾರ ಸುಧಾರಣಾ ಶಾಲೆಗಳ ಕಾಯ್ದೆ ತಂದಿತು. 1877ರ ಜೂನ್‌ನಲ್ಲಿ ಮೇರಿ ನಿದ್ದೆಯಲ್ಲೇ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಒಳ್ಳೆಯ ಹೆಣ್ಣುಮಗಳ ಜೀವನಚರಿತ್ರೆ ಆಗ್ತದೆ. ನಾನು ಹೇಳಿದ ಬಿರುಕಿನ ಕಡೆ ಈಗ ನೋಡಿ.

ಮೇರಿಯ 1851ರ ಪುಸ್ತಕದ ಹೆಸರಲ್ಲೇ ಎರಡು ವರ್ಗಗಳಿವೆ. ಹಾಳಾಗಿ ಹೋಗುತ್ತಿರುವ ಮಕ್ಕಳದು ಒಂದು, ಅಪಾಯಕಾರಿ ಮಕ್ಕಳದು ಇನ್ನೊಂದು. ಅಪಾಯಕಾರಿ ಅನ್ನಿಸಿಕೊಂಡ ಮಗುವನ್ನೂ ತಿದ್ದಬಹುದು ಅಂತ ಹೇಳೋಕೇ ಆಕೆ ಆ ಪದ ಬಳಸಿದರು. ಪದ ಆಕೆಯೊಬ್ಬಳದೂ ಅಲ್ಲ, ಕಾಲದ್ದು. ಆದರೆ ಮಕ್ಕಳನ್ನು ಮೊದಲು ವರ್ಗ ಮಾಡಿ ಆಮೇಲೆ ನೋಡೋದು ಅಂತ ಒಮ್ಮೆ ಒಪ್ಪಿಕೊಂಡರೆ, ಆ ವರ್ಗಕ್ಕೆ ಯಾರು ಸೇರಬೇಕು ಅನ್ನೋ ನಿರ್ಧಾರ ಅಧಿಕಾರದಲ್ಲಿ ಇದ್ದವರ ಕೈಗೆ ಹೋಗ್ತದೆ. ಆಕೆಯ ಪುಸ್ತಕ ಬಂದ ಇಪ್ಪತ್ತು ವರ್ಷಕ್ಕೆ, 1871ರಲ್ಲಿ, ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಇಡೀ ಸಮುದಾಯಗಳೇ ಹುಟ್ಟಿನಿಂದ ಅಪರಾಧಿಗಳು ಅಂತ ಅದು ಬರೆಯಿತು. ಅದು ಮೇರಿ ಕೇಳಿದ ಕಾನೂನಲ್ಲ. ಆದರೆ ತಿದ್ದುವ ಭಾಷೆ, ಬೇರೆ ಇಡುವ ಭಾಷೆ, ಮಗುವನ್ನು ಅದರ ಬಳಗದಿಂದ ಉಳಿಸಬೇಕು ಅನ್ನೋ ಭಾಷೆ ಎರಡರಲ್ಲೂ ಇತ್ತು. 1911ರಲ್ಲಿ ತಿದ್ದಿ ಬರೆದ ಕಾಯ್ದೆ ಬಾಂಬೆ ಪ್ರಾಂತ್ಯಕ್ಕೂ ಅನ್ವಯಿಸಿತು. ಆರು ವರ್ಷ ಮೇಲ್ಪಟ್ಟ, ಹದಿನೆಂಟರೊಳಗಿನ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವನ್ನೂ ಅದು ಸರ್ಕಾರಕ್ಕೆ ಕೊಟ್ಟಿತು.

ಹುಬ್ಬಳ್ಳಿಯ ಸೆಟ್ಲಮೆಂಟ್ ಹುಟ್ಟಿದ್ದು ಈ ಕಾಯ್ದೆಯ ಕೆಳಗೆ. ಗಂಟಿಚೋರ್, ಕೊರವ, ಹರಣಶಿಕಾರಿ ಮುಂತಾದ ಸಮುದಾಯಗಳ ಜನರನ್ನು ತಂದು ಬೇಲಿಯೊಳಗೆ ಇಟ್ಟರು. ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಹೊರಗೆ ಹೋಗೋ ಹಾಗಿಲ್ಲ. 1952ರಲ್ಲಿ ಆ ಕಾಯ್ದೆ ರದ್ದಾಯ್ತು, ಬೇಲಿ ಹೋಯ್ತು. ಹೆಸರು ಉಳಿಯಿತು. ಅದಾಗಿ ನಲವತ್ತಾರು ವರ್ಷದ ಮೇಲೆ, ಒಂದು ಸೈಕಲ್ಲಿನ ಯಜಮಾನರು ಹದಿನೈದರ ಹುಡುಗನ ಮನೆ ಎಲ್ಲಿ ಅಂತ ಕೇಳಿ, ಒಂದೇ ಪದ ಕೇಳಿಸಿಕೊಂಡು, ಅವನು ಎಂಥವನು ಅಂತ ತೀರ್ಮಾನಿಸಿಬಿಟ್ಟರು.

ಧಾರವಾಡದ್ದೂ ಒಂದು ಕಥೆ ಇದೆ. ಬಾಂಬೆ ಪ್ರಾಂತ್ಯದ ಎಳೆಯ ಕೈದಿಗಳ ಜೈಲು ಇದ್ದದ್ದು ಇಲ್ಲೇ. ಮಕ್ಕಳಿಗೆ ಜೈಲು ಬೇಡ, ಬೇರೆ ಕಾನೂನು ಮಾಡಿ ಅಂತ 1919-20ರ ಜೈಲು ಸಮಿತಿ ಹೇಳಿತು. 1924ರಲ್ಲಿ ಬಾಂಬೆ ಮಕ್ಕಳ ಕಾಯ್ದೆ ಬಂತು, 1929ರಲ್ಲಿ ಬಾಂಬೆ ಬೋರ್ಸ್ಟಲ್ ಶಾಲೆಗಳ ಕಾಯ್ದೆ. ಅದರ ಪ್ರಕಾರ ಧಾರವಾಡದ ಜೈಲು ಬೋರ್ಸ್ಟಲ್ ಶಾಲೆ ಆಯ್ತು. ಬೋರ್ಸ್ಟಲ್ ಅನ್ನೋದು ಇಂಗ್ಲೆಂಡಿನ ಕೆಂಟ್ ಜಿಲ್ಲೆಯ ಒಂದು ಹಳ್ಳಿಯ ಹೆಸರು. ಹದಿನಾರರಿಂದ ಇಪ್ಪತ್ತೊಂದರವರನ್ನು ದೊಡ್ಡ ಕೈದಿಗಳಿಂದ ಬೇರೆ ಇಟ್ಟು ಕಸುಬು ಕಲಿಸುವ ಪದ್ಧತಿ ಅಲ್ಲಿಂದ ಬಂತು. ಹಾಗಾಗಿ ಹದಿಹರೆಯದ ಅಪರಾಧಿಗಳನ್ನು ಏನು ಮಾಡಬೇಕು ಅನ್ನೋ ಪ್ರಶ್ನೆ ನಮ್ಮ ಅವಳಿ ನಗರಕ್ಕೆ ಹೊಸದಲ್ಲ. ಒಂದು ಊರಲ್ಲಿ ಬೋರ್ಸ್ಟಲ್, ಇನ್ನೊಂದು ಊರಲ್ಲಿ ಸೆಟ್ಲಮೆಂಟ್. ಮೇರಿಯ ವಿಚಾರದ ಬೆಳಕೂ ಕತ್ತಲೂ ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಇದ್ದವು.

ಆಮೇಲಿನದು ನಿಮಗೆ ಗೊತ್ತಿರಬಹುದು. 1986ರ ಬಾಲನ್ಯಾಯ ಕಾಯ್ದೆ ದೇಶಕ್ಕೆಲ್ಲ ಒಂದೇ ಕಾನೂನು ತಂದಿತು. ಅದರಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟರ ಮಿತಿ. 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಮಾಡಿತು. 2012ರ ಡಿಸೆಂಬರಿನ ದೆಹಲಿ ಪ್ರಕರಣದಲ್ಲಿ ಆರೋಪಿಗಳ ಪೈಕಿ ಒಬ್ಬ ಹದಿನೆಂಟರೊಳಗಿನವನಿದ್ದ. ದೇಶದ ಸಿಟ್ಟು ಕಾನೂನಿನ ಕಡೆ ತಿರುಗಿತು. 2015ರ ಹೊಸ ಕಾಯ್ದೆ 2016ರ ಜನವರಿ 15ರಿಂದ ಜಾರಿಗೆ ಬಂತು. ಅದರ 15ನೇ ಸೆಕ್ಷನ್ ಪ್ರಕಾರ, ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಘೋರ ಅಪರಾಧದ ಆರೋಪ ಹದಿನಾರರಿಂದ ಹದಿನೆಂಟರವರ ಮೇಲೆ ಬಂದರೆ, ಬಾಲನ್ಯಾಯ ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡ್ತದೆ. ಅಪರಾಧ ಮಾಡುವ ದೈಹಿಕ, ಮಾನಸಿಕ ಸಾಮರ್ಥ್ಯ ಅವನಿಗಿತ್ತಾ, ಪರಿಣಾಮ ತಿಳಿಯುತ್ತಿತ್ತಾ, ಯಾವ ಸಂದರ್ಭದಲ್ಲಿ ಮಾಡಿದ ಅಂತ ನೋಡಿ, ದೊಡ್ಡವರ ಥರ ವಿಚಾರಣೆ ಮಾಡಬೇಕು ಅನ್ನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸ್ತದೆ. ಇದು ಬಹಳ ನಾಜೂಕಿನ ಕೆಲಸ, ಮನಶ್ಶಾಸ್ತ್ರ ಬಲ್ಲವರ ನೆರವಿಲ್ಲದೆ ಮಾಡುವಂಥದ್ದಲ್ಲ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಎಚ್ಚರಿಸಿದೆ.

ಹಾಳಾಗುತ್ತಿರುವವರು, ಅಪಾಯಕಾರಿಗಳು. ನೂರಾ ಎಪ್ಪತ್ತು ವರ್ಷದ ಮೇಲೆ ಅದೇ ಎರಡು ಡಬ್ಬಿ ವಾಪಸ್ ಬಂದಿವೆ. ಯಾವ ಹುಡುಗನಿಗೆ ಒಳ್ಳೆಯ ವಕೀಲರಿರ್ತಾರೆ, ಯಾರ ಮನೆಯವರು ಶಾಲೆಯ ಸರ್ಟಿಫಿಕೇಟು, ಡಾಕ್ಟರ ಚೀಟಿ ತಂದುಕೊಡಬಲ್ಲರು, ಯಾರ ಓಣಿಯ ಹೆಸರು ಕೇಳಿದ ಕೂಡಲೇ ಎದುರಿಗೆ ಕೂತವರ ಮುಖ ಬದಲಾಗ್ತದೆ, ಇವೆಲ್ಲ ಆ ಪರಿಶೀಲನೆಯ ಒಳಗೆ ನುಸುಳುತ್ತವೆ. ಕಾಯ್ದೆಯಲ್ಲಿ ಜಾತಿ, ಓಣಿ ಅಂತ ಎಲ್ಲೂ ಬರೆದಿಲ್ಲ. ಬರೆಯೋ ಅಗತ್ಯವೂ ಇಲ್ಲ.

ನೀವು ಕೇಳಬಹುದು, ಸತ್ತವರ ಕಥೆ ಏನು ಅಂತ. ಕೇಳಲೇಬೇಕು. 2025ರಲ್ಲಿ ಹುಬ್ಬಳ್ಳಿಯಲ್ಲಿ ಶಾಲೆಗೆ ಹೋಗುವ ಹುಡುಗರಿಬ್ಬರ ಜಗಳ ಒಬ್ಬನ ಸಾವಿನಲ್ಲಿ ಮುಗಿಯಿತು. ಮಗ ಸತ್ತ ತಾಯಿಯ ಮುಂದೆ ನಿಂತು ಸುಧಾರಣೆಯ ಪಾಠ ಹೇಳುವ ಧೈರ್ಯ ನನಗಿಲ್ಲ. ಆಕೆಗೆ ಸಿಗಬೇಕಾದ ನ್ಯಾಯ, ನೆರವು ಎರಡೂ ಬೇಗ ಸಿಗಬೇಕು. ಆದರೆ ಆ ವಾರ ನಾವೆಲ್ಲ ಫೋನಿನಲ್ಲಿ ಏನು ಮಾಡಿದೆವು ನೆನಪು ಮಾಡಿಕೊಳ್ಳಿ. ಮಕ್ಕಳ ಕೈಗೆ ಚಾಕು ಹೇಗೆ ಬಂತು, ಆ ಸಿಟ್ಟು ಎಲ್ಲಿ ಬೆಳೆಯಿತು, ಯಾರೂ ಯಾಕೆ ನೋಡಲಿಲ್ಲ ಅಂತ ಕೇಳಿದವರು ಎಷ್ಟು ಜನ? ನೇಣು ಹಾಕಿ ಅಂತ ಟೈಪ್ ಮಾಡಿದವರು ಎಷ್ಟು ಜನ? ಮೇರಿಯ ಕಾಲದಲ್ಲೂ ಎರಡನೇ ಗುಂಪೇ ದೊಡ್ಡದಿತ್ತು. ಓಡಿಹೋದ ಮಗುವಿನ ಮನೆ ತನಕ ಹೋಗೋದು ಆರೋಪಿಗೆ ಕೊಡುವ ರಿಯಾಯಿತಿ ಅಲ್ಲ. ಮುಂದಿನ ಮಗು ಸಾಯದೇ ಇರಲಿ ಅಂತ ಮಾಡಬೇಕಾದ ಕೆಲಸ.

ಆ ರಾತ್ರಿಗೆ ವಾಪಸ್ ಬರ್ತೇನೆ. ನಾನು ಠಾಣೆ ತಲುಪಿದಾಗ ಹುಡುಗರು ಬೆಂಚಿನ ಮೇಲೆ ಕೂತಿದ್ದರು. ಲಾಕಪ್ಪಿಗೆ ಹಾಕಿರಲಿಲ್ಲ. ಮಕ್ಕಳನ್ನು ಲಾಕಪ್ಪಿನಲ್ಲಿ ಇಡಬಾರದು, ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿ ಮುಂದೆ ಹಾಜರು ಮಾಡಬೇಕು, ಜಾಮೀನು ಕೊಡೋದೇ ನಿಯಮ, ನಿರಾಕರಿಸೋದು ಅಪವಾದ ಅಂತ ಕಾನೂನಿದೆ. ಅಲ್ಲಿದ್ದ ಸಿಬ್ಬಂದಿಗೆ ಅದೆಲ್ಲ ಗೊತ್ತಿತ್ತು. ಆದರೂ ಒಬ್ಬರು ನನಗೆ ಸಮಾಧಾನದ ದನಿಯಲ್ಲೇ ಹೇಳಿದರು, ಒಂದು ರಾತ್ರಿ ಕೂತಿರ್ಲಿ ಬಿಡ್ರಿ, ಬುದ್ಧಿ ಬರ್ತದ ಅಂತ. ಅವರು ಕೆಟ್ಟ ಮನುಷ್ಯರಲ್ಲ. ಆದರೆ ನನಗೆ 1854ರ ಹದಿನಾಲ್ಕು ದಿನದ ಷರತ್ತು ಕಣ್ಣೆದುರು ಬಂತು. ಮೊದಲು ಒಂಚೂರು ಅನುಭವಿಸಲಿ, ಆಮೇಲೆ ಸುಧಾರಿಸೋಣ.

ಗೆಳೆಯ ಒಳಗೆ ಬರಲಿಲ್ಲ. ರಸ್ತೆಯ ಆಚೆ, ಮುಚ್ಚಿದ ಪಾನ್ ಅಂಗಡಿಯ ಕಟ್ಟೆ ಮೇಲೆ ಕೂತಿದ್ದ. ಬಾಲಾಪರಾಧದ ದಾಖಲೆ ಮುಂದಿನ ಬದುಕಿಗೆ ಅಡ್ಡ ಬರಬಾರದು ಅಂತ ಈಗಿನ ಕಾಯ್ದೆಯ 24ನೇ ಸೆಕ್ಷನ್ ಹೇಳ್ತದೆ. ಮಗುವಿನ ಗುರುತು ಬಯಲು ಮಾಡಬಾರದು ಅಂತ 74ನೇ ಸೆಕ್ಷನ್ ಹೇಳ್ತದೆ. ಅವನಿಗೆ ಇದನ್ನೆಲ್ಲ ವಿವರಿಸಿದೆ. ಅವನು ತಲೆ ಆಡಿಸಿದ. ಎದ್ದು ಬರಲಿಲ್ಲ. ಇಪ್ಪತ್ತೇಳು ವರ್ಷದಿಂದ ಅವನ ಓಣಿಯಲ್ಲಿ ಏನೇ ಕಳುವಾದರೂ ಮೊದಲು ತಟ್ಟೋದು ಅವನ ಮನೆ ಬಾಗಿಲನ್ನೇ.

ಮಧ್ಯರಾತ್ರಿ ದಾಟಿದ ಮೇಲೆ ಹುಡುಗನನ್ನು ಅವನ ತಾಯಿಯ ಜೊತೆ ಕಳಿಸಿದರು. ಮರುದಿನ ಮಂಡಳಿ ಮುಂದೆ ಹಾಜರಾಗಿ, ವಿಚಾರಣೆ ಈಗ ನಡೀತಿದೆ. ಪೆಟ್ಟು ತಿಂದ ಹುಡುಗ ಗುಣವಾಗಿದ್ದಾನೆ. ಅದೇ ವಾರ ಅವನ ಕಾಲೇಜಿನಿಂದ ಫೋನ್ ಬಂತು. ವಿಡಿಯೋ ನೋಡಿದ್ದೇವೆ, ಹುಡುಗನ ಟಿಸಿ ತೆಗೆದುಕೊಂಡು ಹೋದರೆ ಒಳ್ಳೇದು ಅಂತ.

ಸೆಕ್ಷನ್‌ಗಳು ಕಾಲೇಜಿನ ಬಾಗಿಲ ತನಕ ತಾವಾಗೇ ನಡೆದು ಹೋಗಲ್ಲ. ಯಾರಾದರೂ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಸೋಮವಾರ ನಾನು, ಗೆಳೆಯ, ಅವನ ಹೆಂಡತಿ ಮೂರೂ ಜನ ಪ್ರಿನ್ಸಿಪಾಲರ ಮುಂದೆ ಹೋಗಿ ಕೂತೆವು. ಗೆಳೆಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ಬಂದ. ಎರಡು ತಾಸು ಮಾತಾಡಿದೆವು. ಹುಡುಗ ಈಗ ಪಿಯುಸಿ ಕ್ಲಾಸಿಗೆ ಹೋಗ್ತಿದ್ದಾನೆ. ಪರೀಕ್ಷೆಗೆ ಕೂರ್ತಾನೆ.